ಕುವೈತಿನಲ್ಲಿ ಒಬ್ಬ ಟೋಬೆಲ್ಮನ್

ಮಂಗಫ್, ಕುವೈತ್
18 ಅಕ್ಟೋಬರ್ 2024, ಶುಕ್ರವಾರ

ಪಾವನಾ,

ಫೋನ್ ಮಾಡಬೇಡಿ, ಹೇಳುವುದು ಏನಾದರೂ ಇದ್ದರೆ ಬರೆಯಿರಿ ಅಂತ ನೀನು ಹೇಳಿ ಆರು ತಿಂಗಳ ಮೇಲಾಯ್ತು. ಹೇಳುವುದು ಇರಲಿಲ್ಲ ಅಂತ ಅಲ್ಲ. ಪೆನ್ನು ಹಿಡಿದರೆ ನನಗೆ ರಜೆ ಅರ್ಜಿ ಬಿಟ್ಟು ಬೇರೆ ಬರೆಯಲಿಕ್ಕೆ ಬರುವುದಿಲ್ಲ. ಈಗ ಒಂದು ವಿಷಯ ಬಂದಿದೆ, ಅದಕ್ಕೆ ಕೂತಿದ್ದೇನೆ.

ಇಲ್ಲಿ ಪೋಸ್ಟಿಗೆ ಹಾಕಿದ ಕಾಗದ ಯಾವಾಗ ಮುಟ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ. ಹಾಗಾಗಿ ನಾನು ಬರೆದದ್ದನ್ನು ತಾಹಿರ್ ಮೊಬೈಲಿನಲ್ಲಿ ಫೋಟೊ ತೆಗೆದು ನಿನ್ನ ಇಮೇಲಿಗೆ ಕಳಿಸ್ತಾನೆ. ತಾಹಿರ್ ಅಂದರೆ ನನ್ನ ರೂಮಿನವ, ಉಪ್ಪಿನಂಗಡಿಯ ಬ್ಯಾರಿ, ನಮ್ಮ ಕಂಪನಿಯ ಸ್ಟೋರಿನಲ್ಲಿ ಕೆಲಸ, ನಲವತ್ತರ ಹತ್ತಿರ ವಯಸ್ಸು. ಕಲಿತದ್ದು ಕನ್ನಡ ಮೀಡಿಯಂ. ಫೋಟೊ ತೆಗೆಯುವ ಮೊದಲು ಪೂರ್ತಿ ಓದ್ತಾನೆ. ಓದಬೇಡ ಮಾರಾಯ ಅಂದರೆ, ಅಕ್ಷರ ಸರಿ ಕಾಣ್ತದಾ ಅಂತ ನೋಡ್ಬೇಕಲ್ಲ ಅಂತಾನೆ. ಇದನ್ನೂ ಓದ್ತಿದ್ದಾನೆ.

ವಿಷಯ ಇಷ್ಟು. ಬರುವ ಜೂನಿಗೆ ನನಗೆ ಅರವತ್ತು. ಅರವತ್ತಾದವರ ಇಕಾಮಾ ನಮ್ಮ ಕಂಪನಿ ಇನ್ನು ಮುಂದೆ ಮಾಡಿಸುವುದಿಲ್ಲವಂತೆ. ಇಕಾಮಾ ಇಲ್ಲದವ ಇಲ್ಲಿ ಒಂದು ದಿನವೂ ಇರುವ ಹಾಗಿಲ್ಲ. ಇಷ್ಟು ವರ್ಷ ಲೇತ್ ತಿರುಗಿಸಿದ್ದಕ್ಕೆ ಒಂದು ಕೇಕ್, ಮಂಗಳೂರಿಗೆ ಒಂದು ಟಿಕೆಟ್, ಖಲಾಸ್. ಮಂಗಳೂರಿನಲ್ಲಿ ಇಳಿದು ಎಲ್ಲಿಗೆ ಹೋಗುವುದು? ಜೆಪ್ಪುವಿನ ಬಾಡಿಗೆ ಮನೆಯ ಬೀಗವನ್ನು ಅಮ್ಮ ಹೋದ ಮೇಲೆ ನೀನೇ ಕೊಟ್ಟು ಬಂದೆ. ಅದು ತಪ್ಪು ಅಂತ ಹೇಳ್ತಿಲ್ಲ.

ತಾಹಿರ್ ಒಂದು ದಾರಿ ಹುಡುಕಿದ್ದಾನೆ. ಹಿರಿಯರು ಜರ್ಮನಿಯವರಾಗಿದ್ದರೆ ಮೊಮ್ಮಕ್ಕಳಿಗೆ ಅಲ್ಲಿಯ ಪಾಸ್‌ಪೋರ್ಟ್ ಸಿಗುವುದುಂಟಂತೆ. ನಮ್ಮ ಕಥೆ ನಿನಗೆ ಗೊತ್ತೇ ಉಂಟು. ನನ್ನ ಅಜ್ಜನ ಅಪ್ಪ ಯೋಹಾನ್ನೆಸ್ ಟೋಬೆಲ್ಮನ್, ಮಿಷನಿನವರ ಹಂಚಿನ ಕಾರ್ಖಾನೆಗೆ ಮೆಷಿನ್ ಕೂರಿಸಲಿಕ್ಕೆ ಬಂದ ಎಂಜಿನಿಯರ್. ಇಲ್ಲಿಯ ಹೆಂಗಸನ್ನು ಮದುವೆಯಾದ, ಜ್ವರ ಬಂದು ತೀರಿಕೊಂಡ. ನನ್ನ ಅಜ್ಜನಿಗೆ ಬೆಕ್ಕಿನ ಕಣ್ಣು ಇದ್ದದ್ದು ಸುಮ್ಮನೆ ಅಲ್ಲ. ನೀನು ನರ್ಸ್ ಆಗಿ ಆ ದೇಶಕ್ಕೇ ಹೋಗಿ ಸೇರಿದ್ದೂ ಸುಮ್ಮನೆ ಅಲ್ಲ ಅಂತ ನಾನು ಹೇಳ್ತೇನೆ.

ನಮ್ಮವರನ್ನು ಹುಡುಕು. ಅವರ ಹತ್ತಿರ ಹಳೆಯದೇನಾದರೂ ಇರ್ತದೆ. ಪಾಸ್‌ಪೋರ್ಟ್ ಆದರೆ ನಾನು ನನ್ನ ಹಕ್ಕಿನಲ್ಲಿ ಬರ್ತೇನೆ. ನಿನಗೆ ತೊಂದರೆ ಇಲ್ಲ. ನಿನ್ನ ಮನೆಯಲ್ಲೇ ಇರಬೇಕು ಅಂತಲೂ ಇಲ್ಲ.

ನಿನ್ನ ಪಪ್ಪ,
ದೇವದಾನ ಟೋಬೆಲ್ಮನ್

~

ಉಲ್ಮ್, ಜರ್ಮನಿ
3 ನವೆಂಬರ್ 2024

ಪಪ್ಪಾ,

ನಿಮ್ಮ ಕಾಗದ ಬಂತು. ತಾಹಿರಣ್ಣನಿಗೆ ಹೇಳಿ, ಅಕ್ಷರ ಸರಿ ಕಂಡಿತು ಅಂತ.

ಫೋನ್ ಬೇಡ ಅಂದದ್ದು ಯಾಕೆ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳ್ತೇನೆ. ಅಮ್ಮನ ಮಣ್ಣಿಗೆ ಬರಲಿಕ್ಕೆ ನಿಮಗೆ ಆಗಲಿಲ್ಲ. ರಜೆ ಸಿಗಲಿಲ್ಲ, ಅದಕ್ಕೆ ನನಗೆ ಸಿಟ್ಟಿಲ್ಲ. ಮಾರನೇ ದಿನ ಫೋನ್ ಮಾಡಿದಿರಿ. ನಾನು ಆ ಖಾಲಿ ಮನೆಯಲ್ಲಿ ಒಬ್ಬಳೇ ಕೂತಿದ್ದೆ. ನೀವು ಮೊದಲು ಕೇಳಿದ್ದು, 'ಕಲ್ಲಿನ ಮೇಲೆ ಸುಗುಣಾ ಟೋಬೆಲ್ಮನ್ ಅಂತ ಪೂರ್ತಿ ಹೆಸರು ಕೆತ್ತಿಸ್ತೀ ಅಲ್ವಾ?' ಆಮೇಲೆ ನೀವು ಏನೆಲ್ಲ ಮಾತಾಡಿದಿರೋ ನನಗೆ ಕೇಳಿಸಲಿಲ್ಲ.

ಇಲ್ಲಿ ವಾರ್ಡಿನಲ್ಲಿ ನನ್ನ ಎದೆಯ ಮೇಲಿನ ಹೆಸರು ಓದಿ ಪೇಷಂಟುಗಳು ದಿನವೂ ನನ್ನ ಮುಖ ನೋಡ್ತಾರೆ. ಗಂಡನ ಹೆಸರಾ ಅಂತ ಕೇಳ್ತಾರೆ. ಅಲ್ಲ, ಅಪ್ಪನದ್ದು ಅಂದರೆ ಅಪ್ಪ ಎಲ್ಲಿಯವರು ಅಂತಾರೆ. ಕುವೈತ್ ಅಂದರೆ ಅವರಿಗೂ ತಲೆ ಕೆಡ್ತದೆ, ನನಗೂ.

ಹುಡುಕಲಿಕ್ಕೆ ಶುರು ಮಾಡಿದೆ. ಯಾವ ಅಡ್ಡಹೆಸರಿನವರು ಯಾವ ದೇಶದಲ್ಲಿ ಎಷ್ಟು ಜನ ಅಂತ ಭೂಪಟದಲ್ಲಿ ತೋರಿಸುವ ಒಂದು ವೆಬ್‌ಸೈಟ್ ಉಂಟು. ಲೆಕ್ಕ ಎಷ್ಟು ಸರಿಯೋ ಗೊತ್ತಿಲ್ಲ. ಟೋಬೆಲ್ಮನ್ ಅಂತ ಹಾಕಿದರೆ ಜರ್ಮನಿಯಲ್ಲಿ ನಲವತ್ತರ ಆಸುಪಾಸು, ಹೆಚ್ಚಿನವರು ಇಲ್ಲೇ ದಕ್ಷಿಣದಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಾಲ್ಕು. ಭಾರತದಲ್ಲಿ ಯಾರೂ ಇಲ್ಲ. ಕುವೈತಿನಲ್ಲಿ ಒಂದು.

ಅದು ನೀವು. ಅಷ್ಟು ದೊಡ್ಡ ಭೂಪಟದಲ್ಲಿ ಮರಳಿನ ಮೂಲೆಯಲ್ಲಿ ಒಂದು ಚುಕ್ಕೆ. ಅದನ್ನು ನೋಡಿದ ಮೇಲೆಯೇ ಈ ಕಾಗದ ಬರೆಯಲಿಕ್ಕೆ ಮನಸ್ಸಾಯ್ತು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಹುಡುಕ್ತೇನೆ. ಮಾತು ಕೊಡುವುದಿಲ್ಲ. ನಿಮಗೆ ನನ್ನಿಂದ ಬೇಕಾದದ್ದು ಇಷ್ಟೇನಾ?

ಪಾವನಾ

~

ಮಂಗಫ್
22 ನವೆಂಬರ್ 2024, ಶುಕ್ರವಾರ

ಪಾವನಾ,

ಕುವೈತಿನಲ್ಲಿ ಒಂದು ಅಂತ ಓದಿ ತಾಹಿರ್ ಹೊಟ್ಟೆ ಹಿಡಿದು ನಗಾಡಿದ. ನಿಮ್ಮ ಜಾತಿಯಲ್ಲಿ ಸಂಘ ಕಟ್ಟಿದರೆ ಅಧ್ಯಕ್ಷನೂ ನೀವೇ ಖಜಾಂಚಿಯೂ ನೀವೇ ಅಂತ. ನನಗೆ ನಗು ಬರಲಿಲ್ಲ. ಈ ದೇಶದಲ್ಲಿ ಈ ಹೆಸರಿನವ ನಾನೊಬ್ಬನೇ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಯಾರೋ ಅದನ್ನು ಎಣಿಸಿ ಬರೆದಿಟ್ಟಿದ್ದಾರೆ ಅಂದಾಗ ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಇಲ್ಲಿ ನನ್ನ ಹೆಸರು ಅಲ್ಮಾನಿ, ಅಂದರೆ ಅರಬಿಯಲ್ಲಿ ಜರ್ಮನಿಯವ. ನಾನು ಸೇರಿದ ವರ್ಷ ಮುತ್ತಲಿಬ್, ಆಗ ಅವನೂ ಹೊಸಬ, ಈಗ ವರ್ಕ್‌ಶಾಪಿನ ಮುದೀರ್, ಅಂದರೆ ಮ್ಯಾನೇಜರ್, ನನ್ನ ಹೆಸರು ಓದಿ ಹಾಗೆ ಕರೆದ. ಅಂದಿನಿಂದ ರಿಫೈನರಿಯಿಂದ ಯಾವ ಜರ್ಮನ್ ಪಂಪ್ ಬಂದರೂ ಸೀದಾ ನನ್ನ ಮೇಜಿಗೆ. ಪುಸ್ತಕವೂ ಜೊತೆಗೆ ಬರ್ತದೆ. ಅದರ ಒಂದು ಅಕ್ಷರ ನನಗೆ ಓದಲಿಕ್ಕೆ ಬರುವುದಿಲ್ಲ. ಗಂಭೀರವಾಗಿ ಹಾಳೆ ತಿರುವುತ್ತೇನೆ, ಹೂಂ ಅಂತೇನೆ, ಪುಸ್ತಕ ಮುಚ್ಚಿ ಪಂಪ್ ಬಿಚ್ಚುತ್ತೇನೆ. ಬಿಚ್ಚಿದರೆ ಎಲ್ಲ ಪಂಪಿನ ಹೊಟ್ಟೆಯೂ ಒಂದೇ. ರಿಪೇರಿ ಆದ ಮೇಲೆ ಮುತ್ತಲಿಬ್ ಎಲ್ಲರ ಮುಂದೆ ಹೇಳ್ತಾನೆ, ರಕ್ತ ನೋಡಿ ರಕ್ತ ಅಂತ. ನಾನು ಬೇಡ ಅನ್ನಲಿಲ್ಲ. ಯಾಕೆ ಬೇಡ ಅನ್ನಬೇಕು?

ಹೆಸರಿನ ಮೇಲೆ ನನಗೆ ಹುಚ್ಚು ಅಂತ ನಿನಗೆ ಕಾಣ್ತದೆ. ಮಂಗಳೂರಿನಲ್ಲಿ ಮದುವೆ ಮಾತಿಗೆ ಕೂತರೆ ಮೊದಲು ಕೇಳುವುದೇ ನಿಮ್ಮ ಮೂಲ ಯಾವುದು, ಯಾವ ಮನೆ ಅಂತ. ನಮ್ಮ ಸಭೆಯಲ್ಲಿ ಎಲ್ಲರಿಗೂ ಹಿಂದಿನದ್ದು ಒಂದು ಮನೆ ಉಂಟು, ಗೋತ್ರದ ಹಾಗೆ ಒಂದು ಬಳಿ ಉಂಟು, ಕ್ರೈಸ್ತರಾಗಿ ನಾಲ್ಕು ತಲೆಮಾರು ಆದರೂ ಅದನ್ನು ಬಿಟ್ಟಿಲ್ಲ. ನಮಗೆ ಹೇಳಲಿಕ್ಕೆ ಯೋಹಾನ್ನೆಸ್ ಒಬ್ಬ. ಅದಕ್ಕೆ ನನ್ನ ಅಜ್ಜ ಹಿಡಿದುಕೊಂಡ, ಅಪ್ಪ ಹಿಡಿದುಕೊಂಡ, ನಾನೂ ಹಿಡಿದುಕೊಂಡೆ.

ಕಲ್ಲಿನ ವಿಷಯ. ಆ ದಿನ ನಿನ್ನ ಹತ್ತಿರ ಏನು ಕೇಳಬೇಕಿತ್ತು ಅಂತ ನನಗೆ ಗೊತ್ತಾಗಲಿಲ್ಲ. ಗೊತ್ತಿದ್ದದ್ದನ್ನು ಕೇಳಿದೆ. ಇನ್ನೂ ಬರೆಯಬಹುದು, ಆದರೆ ತಾಹಿರ್ ಓದ್ತಾನೆ.

ಈಗ ಚರ್ಚಿಗೆ ಹೊರಡಬೇಕು. ಕನ್ನಡದವರಿಗೆ ಹಾಲ್ ಸಿಗುವುದು ಮಲಯಾಳಿಗಳ ಆರಾಧನೆ ಮುಗಿದ ಮೇಲೆ. ಅವರು ಹೊರಗೆ ಬರುವವರೆಗೆ ನಾವು ಗೋಡೆಗೆ ಒರಗಿ ನಿಲ್ಲಬೇಕು, ನಾವು ಕಡೇ ಕೀರ್ತನೆ ಹಾಡುವಾಗ ತೆಲುಗಿನವರು ಬಾಗಿಲಲ್ಲಿ ಬಂದು ನಿಲ್ತಾರೆ. ಹಾಗಾಗಿ ನಿಂತು ಮಾತಾಡಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಪಪ್ಪ,
ದೇವದಾನ ಟೋಬೆಲ್ಮನ್

~

ಉಲ್ಮ್
15 ಡಿಸೆಂಬರ್ 2024

ಪಪ್ಪಾ,

ಪಂಪಿನ ಪುಸ್ತಕದ ಕಥೆ ಓದಿ ನಗು ಬಂತು. ಅಮ್ಮನಿಗೆ ಗೊತ್ತಿತ್ತಾ? ಗೊತ್ತಿದ್ದರೆ ನನಗೆ ಹೇಳದೆ ಬಿಡುತ್ತಿರಲಿಲ್ಲ.

ಹೆಸರಿನ ಅರ್ಥ ಸಿಕ್ಕಿತು. ನನ್ನ ವಾರ್ಡಿನಲ್ಲಿ ಒಬ್ಬರು ಹಳೇ ಮೇಷ್ಟ್ರು ಇದ್ದರು, ಅವರು ಹೇಳಿದ್ದು. ಈ ಕಡೆಯ ಹಳ್ಳಿ ಮಾತಿನಲ್ಲಿ ಟೋಬೆಲ್ ಅಂದರೆ ಗುಡ್ಡವನ್ನು ಕೊರೆದುಕೊಂಡು ತೋಡು ಹರಿಯುವ ಇಕ್ಕಟ್ಟಾದ ಕಣಿವೆ. ಅದರ ಬದಿಯಲ್ಲಿ ಮನೆ ಇದ್ದವ ಟೋಬೆಲ್ಮನ್. ಅಂಥ ಜಾಗದಲ್ಲಿ ಬಿಸಿಲು ಬೀಳುವುದಿಲ್ಲ, ಬೆಳೆ ಬೆಳೆಯುವುದಿಲ್ಲ, ಹೆಚ್ಚು ಜನ ಇರಲಿಕ್ಕೆ ಜಾಗವೇ ಇಲ್ಲ. ಅದಕ್ಕೇ ಹೆಸರು ಇಷ್ಟು ಅಪರೂಪ ಅಂದರು. ನಮ್ಮ ಕಡೆ ಪದವಿನ ಮನೆ, ತೋಡಿನ ಬದಿ ಮನೆ ಅಂತ ಕರೆಯುವುದಿಲ್ಲವಾ, ಹಾಗೆಯೇ. ರಾಜನೂ ಅಲ್ಲ, ಎಂಜಿನಿಯರೂ ಅಲ್ಲ.

ಟೆಲಿಫೋನ್ ಡೈರೆಕ್ಟರಿಯಲ್ಲಿ ಸಿಕ್ಕವರಿಗೆಲ್ಲ ಬರೆದೆ. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಬ್ಬ ವಕೀಲ, ನಿನಗೆ ಆಸ್ತಿ ಬೇಕಾಗಿದೆಯಾ ಅಂತ ಬರೆದ. ಹೆಡ್ವಿಗ್ ಅಂತ ಒಬ್ಬರು ಎಂಬತ್ತು ದಾಟಿದ ಅಜ್ಜಿ ಮಾತ್ರ ಬಾ ಅಂತ ಕರೆದಿದ್ದಾರೆ. ಇಲ್ಲಿಂದ ಎರಡು ಬಸ್ಸು ಬದಲಿಸಿ ಹೋಗಬೇಕು. ಮದುವೆಯಾಗದೆ ಉಳಿದವರು, ಆ ಹಳ್ಳಿಯಲ್ಲಿ ಕಡೇ ಟೋಬೆಲ್ಮನ್ ಅವರೇ ಅಂತೆ. ಜನವರಿಯಲ್ಲಿ ಹೋಗ್ತೇನೆ.

ಕ್ರಿಸ್ಮಸ್ಸಿಗೆ ನನಗೆ ಡ್ಯೂಟಿ. ಮಕ್ಕಳಿರುವವರಿಗೆ ರಜೆ ಬೇಕು, ನಿನಗೆ ಹೇಗೂ ಯಾರೂ ಇಲ್ಲವಲ್ಲ ಅಂತ ಕೇಳಿದರು. ಹೂಂ ಅಂದೆ. ನೀವು ಹಬ್ಬದ ಕುಸ್ವಾರ್ ತಿಂಡಿ ಏನಾದರೂ ತಿಂದರೆ ಬರೆಯಿರಿ.

ಪಾವನಾ

~

ಮಂಗಫ್
10 ಜನವರಿ 2025, ಶುಕ್ರವಾರ

ಪ್ರೀತಿಯ ಪಾವನಾ,

ಕುಸ್ವಾರ್ ಸಿಕ್ಕಿತು. ಚರ್ಚಿನಲ್ಲಿ ಒಂದು ಹೆಂಗಸು ಪೇಪರ್ ಪ್ಲೇಟಿನಲ್ಲಿ ಕಟ್ಟಿ ಕೊಟ್ಟಳು. ಕಲ್‌ಕಲ್ ಗಟ್ಟಿಯಾಗಿತ್ತು, ಚಾದಲ್ಲಿ ಅದ್ದಿ ತಿಂದೆ. ಸುಗುಣಾ ಮಾಡುತ್ತಿದ್ದದ್ದೂ ಗಟ್ಟಿಯೇ, ಆದರೆ ಅವಳ ಮುಂದೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹೆಡ್ವಿಗ್ ಅಜ್ಜಿಯ ಸುದ್ದಿ ನಾನು ಎಲ್ಲರಿಗೂ ಹೇಳಿದೆ. ಪಾದ್ರಿಗಳಿಗೆ ಹೇಳಿದೆ, ಮುತ್ತಲಿಬನಿಗೆ ಹೇಳಿದೆ, ಕೆಳಗಿನ ಬಕಾಲಾ ಅಂಗಡಿಯವನಿಗೂ ಹೇಳಿದೆ. ನನ್ನ ಅತ್ತೆ ಸಿಕ್ಕಿದ್ದಾಳೆ ಅಂತ ಹೇಳಿದೆ. ಲೆಕ್ಕದಲ್ಲಿ ಅತ್ತೆಯೋ ದೊಡ್ಡಮ್ಮನೋ, ಆಮೇಲೆ ನೋಡುವ. ಬರಿ ಕೈಯಲ್ಲಿ ಹೋಗಬೇಡ. ಒಂದು ಡಬ್ಬ ಖರ್ಜೂರ, ಒಳ್ಳೇದು, ಮದೀನಾದ್ದು, ತಾಹಿರನ ಗೆಳೆಯ ಫ್ರಾಂಕ್‌ಫರ್ಟಿಗೆ ಹೋಗುವವನ ಹತ್ತಿರ ಕಳಿಸಿದ್ದೇನೆ. ಅವಳ ಕಣ್ಣಿನ ಬಣ್ಣ ನೋಡು. ಯೋಹಾನ್ನೆಸನ ಊರು, ಹುಟ್ಟಿದ್ದು, ಯಾವ ಹಡಗಿನಲ್ಲಿ ಹೊರಟ, ಎಲ್ಲ ಕೇಳು. ನಾನು ಬರ್ತೇನೆ ಅಂತಲೂ ಹೇಳಿಡು.

ಇನ್ನೊಂದು. ತಾಹಿರ್ ರೂಮ್ ಬಿಡ್ತಾನೆ. ಅವನಿಗೆ ಫ್ಯಾಮಿಲಿ ವೀಸಾ ಆಯ್ತು, ಹೆಂಡತಿ ಶಹಲಾ ಮತ್ತು ಮಗಳು ಬರ್ತಾರೆ, ಫರ್ವಾನಿಯಾದಲ್ಲಿ ಫ್ಲಾಟ್ ಹಿಡಿದಿದ್ದಾನೆ. ಹತ್ತಿರವೇ ಅಲ್ವಾ, ಶುಕ್ರವಾರ ಬನ್ನಿ ಅಂತ ಹೇಳಿದ್ದಾನೆ. ಇದನ್ನು ಓದುವಾಗ ಅವನ ಕಣ್ಣಲ್ಲಿ ನೀರು ಬಂತು, ಧೂಳು ಅಂತಾನೆ. ಎಂಟು ವರ್ಷ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿದವರು ನಾವು. ಅವನ ಮಗಳು ಹುಟ್ಟಿದ್ದೇ ಅವನು ಇಲ್ಲಿರುವಾಗ. ಹೋಗಲಿ, ಒಳ್ಳೆದಾಗಲಿ. ನಾನು ನಿನ್ನನ್ನೂ ಸುಗುಣಳನ್ನೂ ಒಮ್ಮೆಯಾದರೂ ಇಲ್ಲಿಗೆ ಕರೆಸಬೇಕಿತ್ತು ಅಂತ ಅವನು ಪೆಟ್ಟಿಗೆ ಕಟ್ಟುವುದನ್ನು ನೋಡುವಾಗ ಕಂಡಿತು.

ಅವನು ಈಗಲೇ ರಾತ್ರಿ ಫ್ಲಾಟಿನಲ್ಲಿ ಮಲಗ್ತಾನೆ, ಹೊಸಬ ಇನ್ನೂ ಬಂದಿಲ್ಲ. ರೂಮಿನಲ್ಲಿ ಎಸಿ ಶಬ್ದ ಇಷ್ಟು ಜೋರು ಉಂಟು ಅಂತ ನನಗೆ ಇಷ್ಟರವರೆಗೆ ಗೊತ್ತಿರಲಿಲ್ಲ.

ಪಪ್ಪ,
ದೇವದಾನ ಟೋಬೆಲ್ಮನ್

~

ಉಲ್ಮ್
2 ಫೆಬ್ರವರಿ 2025

ಪಪ್ಪಾ,

ಇದನ್ನು ಬರೆಯಲಿಕ್ಕೆ ಒಂದು ವಾರ ತೆಗೆದುಕೊಂಡೆ. ನಿಮಗೆ ಬೇಜಾರಾಗ್ತದೆ. ಆದರೂ ಸುತ್ತಿ ಬಳಸಿ ಹೇಳುವುದಿಲ್ಲ.

ಹೆಡ್ವಿಗ್ ಅಜ್ಜಿ ಬಸ್ ಸ್ಟಾಪಿಗೇ ಬಂದು ಹಿಮದಲ್ಲಿ ನಿಂತಿದ್ದರು. ನನ್ನನ್ನು ಬಹಳ ಹೊತ್ತು ನೋಡಿದರು. ಖರ್ಜೂರದ ಡಬ್ಬ ಮುಚ್ಚಳ ತೆಗೆಯದೆ ಎದೆಗೆ ಹಿಡಿದುಕೊಂಡೇ ಮನೆಯವರೆಗೆ ನಡೆದರು. ಕಣ್ಣು ಕಂದು ಬಣ್ಣ, ಪಪ್ಪಾ. ನಮ್ಮ ಹಾಗೆಯೇ.

ಊಟಕ್ಕೆ ಕೂತೆವು. ನಮ್ಮ ಬೇಳೆಯ ಹಾಗೆ ಒಂದು, ಜೊತೆಗೆ ದಪ್ಪ ಶಾವಿಗೆಯಂಥದ್ದು. ಅವರು ಕೈ ಮುಗಿದು ಪ್ರಾರ್ಥನೆ ಮಾಡಿದರು. ಹಳ್ಳಿ ಮಾತು, ಅರ್ಧ ನನಗೆ ತಿಳಿಯಲಿಲ್ಲ. ಕೊನೆಗೆ ಹೇಳಿದ್ದು ಮಾತ್ರ ತಿಳಿಯಿತು: 'ಇಂಡಿಯಾದಲ್ಲಿರುವ ನಮ್ಮ ಯೋಹಾನ್ನೆಸನನ್ನು ಕಾಪಾಡು.' ಹೇಳಿ ಮುಗಿಸಿ, ಚಮಚ ಎತ್ತಿ, ಆಮೇಲೆ ಅವರಿಗೇ ಗೊತ್ತಾಯ್ತು ಎದುರಿಗೆ ಯಾರು ಕೂತಿದ್ದಾರೆ ಅಂತ. ಚಮಚ ಕೆಳಗಿಟ್ಟು ಅಳಲಿಕ್ಕೆ ಶುರು ಮಾಡಿದರು. ಅವರ ಅಮ್ಮ ಹಾಗೆ ಹೇಳುತ್ತಿದ್ದರಂತೆ, ಅಜ್ಜಿ ಹೇಳುತ್ತಿದ್ದರಂತೆ. ಯಾರಿಗೂ ಆ ಯೋಹಾನ್ನೆಸ್ ಬದುಕಿದ್ದಾನಾ ಸತ್ತಿದ್ದಾನಾ ಗೊತ್ತಿಲ್ಲ. ಊಟದ ಮುಂಚೆ ಹೇಳುವುದು ಅಂತ ಹೇಳಿಕೊಂಡು ಬಂದಿದ್ದಾರೆ.

ಅವರು ಹೇಳಿದ ಕಥೆ ಇದು. ಅವರ ಮುತ್ತಜ್ಜನಿಗೆ ಬಾರ್ಬರಾ ಅಂತ ಒಬ್ಬಳು ಅಕ್ಕ, ನೇಕಾರನ ವಿಧವೆ. ಅವಳಿಗೆ ಒಬ್ಬನೇ ಮಗ ಯೋಹಾನ್ನೆಸ್. ಏಳು ವರ್ಷಕ್ಕೆ ಹಳ್ಳಿಯ ತೋಡಿನಲ್ಲಿ ಬಿದ್ದು ತೀರಿಕೊಂಡ. ಆ ಕಾಲದಲ್ಲಿ ಮಿಷನಿನ ಅನಾಥಾಲಯದ ಒಂದು ಮಗುವಿನ ಊಟ ಬಟ್ಟೆ ಯಾರು ವಹಿಸಿಕೊಳ್ಳುತ್ತಾರೋ ಅವರು ಆ ಮಗುವಿಗೆ ದೀಕ್ಷಾಸ್ನಾನದಲ್ಲಿ ಹೆಸರು ಆರಿಸಬಹುದಿತ್ತಂತೆ. ಬಾರ್ಬರಾ ಮಂಗಳೂರಿನ ಒಬ್ಬ ಹುಡುಗನನ್ನು ವಹಿಸಿಕೊಂಡಳು. ಬರಿ ಹೆಸರು ಸಾಲದು, ಮನೆಯ ಹೆಸರೂ ಅವನಿಗೆ ಕೊಡಿ ಅಂತ ಹಟ ಹಿಡಿದಳು. ಗಂಡನ ಮನೆಯದ್ದಲ್ಲ, ಅವಳು ಹುಟ್ಟಿದ ಮನೆಯದ್ದು. ಅವಳ ಮಗನಿಗೂ ಅದನ್ನೇ ಇಟ್ಟು ಕರೆಯುತ್ತಿದ್ದಳಂತೆ. ಅಷ್ಟು ದೂರದ ಊರಲ್ಲಿ ಒಬ್ಬ ಯೋಹಾನ್ನೆಸ್ ಟೋಬೆಲ್ಮನ್ ಊಟ ಮಾಡ್ತಾ ಇದ್ದಾನೆ ಅಂತ ಅವಳಿಗೆ ಬೇಕಿತ್ತು.

ಎಂಜಿನಿಯರ್ ಯಾರೂ ಇರಲಿಲ್ಲ ಪಪ್ಪಾ. ಆ ಮನೆಯಿಂದ ಯಾರೂ ಹಡಗು ಹತ್ತಿದ್ದಿಲ್ಲ. ನಿಮ್ಮ ಮುತ್ತಜ್ಜ ಆ ಅನಾಥ ಹುಡುಗ. ಅವನ ಮೊದಲಿನ ಹೆಸರು ಏನು ಅಂತ ಕೇಳಿದೆ. ಅದು ಇಲ್ಲಿಗೆ ಬರಲೇ ಇಲ್ಲ.

ನಾವು ಅವರ ರಕ್ತ ಅಲ್ಲ. ಪಾಸ್‌ಪೋರ್ಟಿನ ಮಾತು ಇಲ್ಲಿಗೆ ಮುಗಿಯಿತು.

ಹೊರಡುವಾಗ ಅಜ್ಜಿ ಕೇಳಿದರು, ಈಗ ನಾನು ಯಾರ ಹೆಸರು ಹೇಳಿ ಪ್ರಾರ್ಥಿಸಲಿ ಅಂತ. ನಾನು ನಿಮ್ಮ ಹೆಸರು ಕೊಟ್ಟು ಬಂದೆ.

ಪಾವನಾ

~

ಮಂಗಫ್
14 ಫೆಬ್ರವರಿ 2025, ಶುಕ್ರವಾರ

ಪಾವನಾ,

ಆ ಹೆಂಗಸಿಗೆ ವಯಸ್ಸಾಗಿದೆ, ಮರೆವು. ನನ್ನ ಅಜ್ಜ ಸುಳ್ಳು ಹೇಳುವವರಲ್ಲ. ಅವರ ಕಣ್ಣು ನಾನೇ ನೋಡಿದ್ದೇನೆ. ಬೇರೆ ಯಾರಾದರೂ ಟೋಬೆಲ್ಮನ್ ಇದ್ದರೆ ವಿಚಾರಿಸು, ಇಲ್ಲದಿದ್ದರೆ ಬಿಡು.

ನನಗಾಗಿ ಯಾರೂ ಪ್ರಾರ್ಥನೆ ಮಾಡುವುದು ಬೇಡ ಅಂತ ಅವರಿಗೆ ತಿಳಿಸು.

ದೇವದಾನ ಟೋಬೆಲ್ಮನ್

~

ಉಲ್ಮ್
23 ಮಾರ್ಚ್ 2025

ಪಪ್ಪಾ,

ಒಂದು ತಿಂಗಳ ಮೇಲಾಯ್ತು, ಕಾಗದ ಇಲ್ಲ. ತಾಹಿರಣ್ಣನಿಗೆ ಮೆಸೇಜ್ ಹಾಕಿದೆ. ಎರಡು ಶುಕ್ರವಾರ ಮನೆಗೆ ಕರೆದರೂ ನೀವು ಹೋಗಲಿಲ್ಲವಂತೆ. ಚರ್ಚಿಗೂ ಹೋಗುತ್ತಿಲ್ಲವಂತೆ, ಎಲ್ಲರೂ ಅತ್ತೆ ಹೇಗಿದ್ದಾಳೆ ಅಂತ ಕೇಳ್ತಾರೆ ಅಂತ.

ನಿಮಗೆ ಅಷ್ಟು ನೋವಾಗ್ತದೆ ಅಂತ ಗೊತ್ತಿದ್ದರೂ ಸತ್ಯವನ್ನೇ ಹೇಳುತ್ತಿದ್ದೆ. ಆದರೆ ಹತ್ತಿರ ಕೂತು ಹೇಳುತ್ತಿದ್ದೆ. ಮೊನ್ನೆ ಅಮ್ಮ ಹೋಗಿ ವರ್ಷ ತುಂಬಿತು. ಡ್ಯೂಟಿ ಮುಗಿಸಿ ಬಂದು ಗಂಜಿ ಮಾಡಿದೆ, ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಇನ್ನೂ ಅಂದಾಜು ಸಿಗುವುದಿಲ್ಲ.

ಊಟ ಸರಿ ಮಾಡಿ.

ಪಾವನಾ

~

ಮಂಗಫ್
18 ಏಪ್ರಿಲ್ 2025, ಶುಭ ಶುಕ್ರವಾರ

ಪಾವನಾ, ಮಗಳೇ,

ಈ ಕಾಗದ ತಾಹಿರ್ ಓದಿಲ್ಲ. ಫೋಟೊ ನಾನೇ ತೆಗೆದೆ. ಮೊದಲನೆಯದರಲ್ಲಿ ನನ್ನ ಹೆಬ್ಬೆರಳು ಬಂತು, ಎರಡನೆಯದು ಓರೆ. ಕಳಿಸುವುದು ಹೇಗೆ ಅಂತ ಕೆಳಗಿನ ಬಕಾಲಾದವ ತೋರಿಸಿಕೊಟ್ಟ, ಅವ ಬಂಗಾಳಿ, ಅವನಿಗೆ ಕನ್ನಡ ಬಾರದು.

ಹೋದ ತಿಂಗಳು ರಿಫೈನರಿಯಿಂದ ಒಂದು ದೊಡ್ಡ ಪಂಪ್ ಬಂತು, ಹೊಸ ಮಾಡೆಲ್. ಪುಸ್ತಕ ನನ್ನ ಮೇಜಿನ ಮೇಲೆ ಇಟ್ಟು ಮುತ್ತಲಿಬ್, ಯಲ್ಲಾ ಯಾ ಅಲ್ಮಾನಿ, ಶುರು ಮಾಡು ಅಂದ. ಹುಡುಗರೆಲ್ಲ ಸುತ್ತ ನಿಂತಿದ್ದರು. ನನಗೆ ಹಾಳೆ ತಿರುವಲಿಕ್ಕೆ ಕೈ ಬರಲಿಲ್ಲ. ಪುಸ್ತಕವನ್ನು ಅವನ ಕೈಗೇ ಕೊಟ್ಟು ಹೇಳಿದೆ, ನಾನು ಜರ್ಮನಿಯವನಲ್ಲ, ಇದು ಓದಲಿಕ್ಕೆ ನನಗೆ ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ, ನಾವು ಅನಾಥಾಲಯದ ಮಕ್ಕಳು ಅಂತ. ಬೈತಾನೆ ಅಂತ ಎಣಿಸಿದ್ದೆ. ಅವನು ನಗಾಡಿದ. 'ದೇವದಾನ, ನೀನು ಜರ್ಮನಿಯವನಾಗಿದ್ದರೆ ಈ ಸಂಬಳಕ್ಕೆ ಇಲ್ಲಿ ನಿಲ್ಲುತ್ತಿದ್ದೆಯಾ? ಮೊದಲ ವರ್ಷವೇ ನನಗೆ ಗೊತ್ತಿತ್ತು. ಪುಸ್ತಕ ತಲೆಕೆಳಗೆ ಹಿಡಿದಿದ್ದಿ' ಅಂದ.

ಅವನು ಅದನ್ನು ಪ್ರೀತಿಯಲ್ಲೇ ಹೇಳಿದ್ದು. ಆದರೆ ಇಷ್ಟು ವರ್ಷ ಇಡೀ ವರ್ಕ್‌ಶಾಪ್ ಗೊತ್ತಿದ್ದೂ ನನ್ನ ಎದುರಿಗೆ ಸುಮ್ಮನಿತ್ತು ಅಂತ ತಿಳಿದಾಗ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಬಂದು ಪಂಪ್ ಬಿಚ್ಚಿದೆ. ಸೀಲ್ ಹೋಗಿತ್ತು, ಬೇರೆ ಏನಿಲ್ಲ.

ಬಸ್ಸಿನಲ್ಲಿ ಬರುವಾಗೆಲ್ಲ ಆ ಹುಡುಗನ ಯೋಚನೆ ಬರ್ತದೆ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದಿರಬೇಕಲ್ಲ. ಬಾಬು ಅಂತಲೋ, ಕೊರಗ ಅಂತಲೋ, ಕುಂಞಣ್ಣ ಅಂತಲೋ ಕರೆದಿರಬೇಕು. ಒಂದು ದಿನ ಅವನಿಗೆ ಹೊಸ ಅಂಗಿ ಹಾಕಿ ಸಾಲಿನಲ್ಲಿ ನಿಲ್ಲಿಸಿ ಬಾಯಿಗೆ ಬಾರದ ಹೆಸರು ಕೊಟ್ಟರು. ಅವನು ದೊಡ್ಡವನಾಗಿ ಮದುವೆಯಾದ, ಮಕ್ಕಳಾದವು. ಮಕ್ಕಳು ನಮ್ಮ ಮನೆ ಯಾವುದು ಅಂತ ಕೇಳಿರಬೇಕು. ಯಾರೂ ಇಲ್ಲ ಅಂತ ಮಕ್ಕಳಿಗೆ ಹೇಳಲಿಕ್ಕೆ ಯಾರಿಗೆ ಬಾಯಿ ಬರ್ತದೆ? ಎಂಜಿನಿಯರನ್ನು ಹುಟ್ಟಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪಾಪ ಅಂತ ಕಾಣ್ತದೆ.

ಹೆಡ್ವಿಗ್ ಅಮ್ಮನಿಗೆ ನಾನು ಹೇಳಿ ಕಳಿಸಿದ್ದನ್ನು ನೀನು ತಿಳಿಸಿಲ್ಲ ಅಂತ ನಂಬಿದ್ದೇನೆ. ತಿಳಿಸಬೇಡ. ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿಕೊಳ್ಳಲಿ.

ಈಗ ನಿನಗೆ ಬರೆಯಬೇಕಾದ್ದು. ಜೂನ್ ಹನ್ನೆರಡಕ್ಕೆ ಟಿಕೆಟ್, ಮಂಗಳೂರಿಗೆ. ಮುತ್ತಲಿಬ್ ಕೇಳಿದ, ಅಲ್ಲಿ ನಿನಗೆ ಯಾರಿದ್ದಾರೆ ಅಂತ. ಬಹಳ ಜನ ಇದ್ದಾರೆ ಅಂದೆ. ಲಾಡ್ಜಿನಲ್ಲಿ ಉಳಿದು ಒಂದು ರೂಮ್ ನೋಡಿಕೊಳ್ತೇನೆ. ಅದು ಆಗ್ತದೆ, ಇಷ್ಟು ವರ್ಷ ರೂಮಿನಲ್ಲೇ ಇದ್ದವ ನಾನು. ಕಷ್ಟ ಅಂತ ಹೇಳ್ತಿಲ್ಲ.

ನಾನು ಜರ್ಮನ್ ಹಕ್ಕಿನಲ್ಲಿ ಬರ್ತೇನೆ ಅಂತ ದೊಡ್ಡದಾಗಿ ಬರೆದೆನಲ್ಲ, ಅದರ ಅರ್ಥ ಇಷ್ಟೇ ಇತ್ತು. ನಿನ್ನ ಹತ್ತಿರ ಕೇಳಲಿಕ್ಕೆ ನನಗೆ ಹೆದರಿಕೆ. ನೀನು ಸಣ್ಣವಳಿರುವಾಗ ನಾನು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದೆ, ನೀನು ಅಮ್ಮನ ಸೀರೆಯ ಹಿಂದೆ ನಿಂತು ಇವರು ಯಾವಾಗ ಹೋಗ್ತಾರೆ ಅಂತ ಕೇಳುತ್ತಿದ್ದಿ. ಬೇಡ ಅಂದರೆ ಏನು ಮಾಡಲಿ ಅಂತ ಪಾಸ್‌ಪೋರ್ಟ್ ಹುಡುಕಿದೆ. ಪಾಸ್‌ಪೋರ್ಟ್ ಇದ್ದವನಿಗೆ ಯಾರೂ ಬೇಡ ಅನ್ನುವ ಹಾಗಿಲ್ಲ.

ಈಗ ಹಕ್ಕು ಗಿಕ್ಕು ಏನೂ ಇಲ್ಲ. ಹಾಗಾಗಿ ಕೇಳ್ತೇನೆ. ಸ್ವಲ್ಪ ದಿನ ನಾನು ನಿನ್ನ ಹತ್ತಿರ ಬಂದು ಇರಬಹುದಾ? ನನಗೆ ನಿನ್ನ ಜೊತೆ ಇರಬೇಕು ಅಂತ ಆಸೆ ಆಗಿದೆ. ಆಗುವುದಿಲ್ಲ ಅಂದರೂ ಸರಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ತೇನೆ, ಆದರೆ ನಿನಗೆ ಬರೆಯುವುದಿಲ್ಲ.

ಪಪ್ಪ

~

ಉಲ್ಮ್
4 ಮೇ 2025

ಪಪ್ಪಾ,

ನಿಮ್ಮ ಕಾಗದ ಬಂದ ದಿನ ನಾನು ವಾರ್ಡಿನ ಮೆಟ್ಟಿಲ ಮೇಲೆ ಕೂತು ಓದಿದೆ, ಆಮೇಲೆ ಒಳಗೆ ಹೋಗಿ ಜೂನಿಗೆ ರಜೆ ಬರೆಸಿದೆ.

ಮೊದಲು ಕಷ್ಟದ ಮಾತು. ಇಲ್ಲಿಯ ಕಾನೂನು ಪ್ರಕಾರ ಅಪ್ಪ ಅಮ್ಮನನ್ನು ಕರೆಸಿ ಇಟ್ಟುಕೊಳ್ಳುವುದು ಸುಲಭ ಇಲ್ಲ. ನೋಡಲಿಕ್ಕೆ ಬರುವ ವೀಸಾ ಸಿಗ್ತದೆ, ಮೂರು ತಿಂಗಳು. ಅದರ ನಂತರ ಏನು ಅಂತ ನನಗೂ ಗೊತ್ತಿಲ್ಲ, ಇಬ್ಬರೂ ಕೂತು ನೋಡುವ. ನನ್ನ ಹತ್ತಿರ ಇರುವುದು ಒಂದೇ ರೂಮ್. ನೀವು ಗೊರಕೆ ಹೊಡೀತೀರಿ ಅಂತ ಅಮ್ಮ ಹೇಳುತ್ತಿದ್ದರು. ನೀವು ಮಂಚದಲ್ಲಿ, ನಾನು ಕೆಳಗೆ, ಅದರಲ್ಲಿ ಚರ್ಚೆ ಇಲ್ಲ. ಇಕಾಮಾ ಇರುವಾಗಲೇ ಕುವೈತಿನಲ್ಲೇ ಅರ್ಜಿ ಹಾಕಿ, ತಾಹಿರಣ್ಣನಿಗೆ ಎಲ್ಲ ಬರೆದಿದ್ದೇನೆ. ಅವರು ನಿಮ್ಮನ್ನು ಕರೆದುಕೊಂಡು ಹೋಗ್ತಾರೆ. ಅವರ ಮನೆಗೆ ಊಟಕ್ಕೂ ಹೋಗಿ, ಶಹಲಾ ನಿಮಗಾಗಿ ಅಕ್ಕಿರೊಟ್ಟಿ ಮಾಡಿ ಕಾಯ್ತಾರಂತೆ.

ಕಂಪನಿಯ ಟಿಕೆಟಿನಲ್ಲಿ ಮಂಗಳೂರಿಗೇ ಬನ್ನಿ. ನಿಮಗಿಂತ ಒಂದು ದಿನ ಮುಂಚೆ ನಾನು ಅಲ್ಲಿ ಇಳಿಯುತ್ತೇನೆ. ಅಮ್ಮನ ಕಲ್ಲು ಇನ್ನೂ ಹಾಕಿಸಿಲ್ಲ, ಇಷ್ಟು ದಿನ ನಿಮ್ಮ ಮೇಲಿನ ಸಿಟ್ಟಿಗೆ ಹಾಗೇ ಬಿಟ್ಟಿದ್ದೆ. ಏನು ಕೆತ್ತಿಸುವುದು ಅಂತ ಒಟ್ಟಿಗೆ ಹೋಗಿ ಹೇಳುವ. ಆಮೇಲೆ ಅಲ್ಲಿಂದ ಇಬ್ಬರೂ ಇಲ್ಲಿಗೆ.

ಸೀರೆಯ ಹಿಂದೆ ನಿಂತು ಯಾವಾಗ ಹೋಗ್ತಾರೆ ಅಂತ ಕೇಳಿದ್ದು ನನಗೆ ನೆನಪುಂಟು. ನೀವು ಹೋಗುವ ದಿನ ಗೊತ್ತಿದ್ದರೆ ಆ ದಿನ ಶಾಲೆಗೆ ಹೋಗದೆ ಮನೆಯಲ್ಲಿ ಇರಬಹುದಿತ್ತು, ಅದಕ್ಕೆ ಕೇಳುತ್ತಿದ್ದದ್ದು. ಅಮ್ಮ ನಿಮಗೆ ಹೇಳಲಿಲ್ಲವಾ?

ಮೊನ್ನೆ ಇಲ್ಲಿಯ ಆಫೀಸಿಗೆ ಹೋದೆ. ಕರೆಸುವವರು ಬಂದು ಖರ್ಚಿಗೆ ನಾನು ಜವಾಬ್ದಾರಿ ಅಂತ ಬರೆದುಕೊಡಬೇಕು. ಕೌಂಟರಿನಲ್ಲಿದ್ದವಳು ಬರುವವರ ಹೆಸರು ಕೇಳಿದಳು. ಹೇಳಿದೆ. ಇವರು ಜರ್ಮನ್ ಮೂಲದವರಾ ಅಂದಳು. ಅಲ್ಲ, ಜೆಪ್ಪುವಿನವರು ಅಂದೆ. ಬರುವ ಕಾರಣ ಏನು ಅಂತ ಕೇಳಿದಳು. ಊರು ನೋಡುವುದು, ವ್ಯಾಪಾರ, ಚಿಕಿತ್ಸೆ ಅಂತ ಅವಳೇ ಒಂದೊಂದಾಗಿ ಓದಿದಳು. ಅವು ಯಾವುದೂ ನಮ್ಮದಲ್ಲ ಪಪ್ಪಾ. ಕಡೆಗೆ, ಅವರಿಗೆ ನನ್ನ ಜೊತೆ ಇರಬೇಕಂತೆ, ಅವರೇ ಕೇಳಿದರು ಅಂದೆ. ಅಂದು ಅಲ್ಲೇ ಅತ್ತುಬಿಟ್ಟೆ, ಹಿಂದೆ ಸಾಲಿನಲ್ಲಿ ಅಷ್ಟು ಜನ ಇದ್ದರು. ಅವಳು 'ಸಂಬಂಧಿಕರ ಭೇಟಿ' ಅನ್ನುವಲ್ಲಿ ಗುರುತು ಹಾಕಿ, ಇಲ್ಲಿ ಸಹಿ ಮಾಡಿ ಅಂತ ಪೆನ್ನು ಕೊಟ್ಟಳು.

ನಿಮ್ಮ ಮಗಳು,
ಪಾವನಾ